ಬೆನ್ನ ಹಿಂದೆ ಹೇಳದ ಮಾರ್ತಮ್ಮ

ದಾವಣಗೆರೆಯ ವಿನೋಬನಗರಕ್ಕೆ ಬೆಳಕು ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ಹಾಲಿನ ವ್ಯಾನು ಅಡ್ಡರಸ್ತೆಯ ತಿರುವು ದಾಟಿ ಹೋಗಿದೆ. ಅದರ ಹಿಂದೆ ಓಡಿದ ನಾಯಿಗಳು ಕೆಲಸ ಮುಗಿಸಿದವರ ಗತ್ತಿನಲ್ಲಿ ಮರಳುತ್ತಿವೆ. ಬೇವಿನ ಮರದಡಿಯ ಗಾಡಿಯ ಮುಂದೆ ಮಾರ್ತಮ್ಮ ನಿಂತಿದ್ದಾರೆ. ಇಸ್ತ್ರಿ ಪೆಟ್ಟಿಗೆಯ ಬಾಯಿ ತೆರೆದು, ಇದ್ದಿಲು ತುಂಬಿ, ಹಳೆಯ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಾರೆ. ಕೆಂಡ ಕಣ್ಣು ಬಿಟ್ಟ ಮೇಲೆ ಪೆಟ್ಟಿಗೆಯ ತಳವನ್ನು ಒದ್ದೆ ಗೋಣಿಯ ಮೇಲೊಮ್ಮೆ ಎಳೆಯುತ್ತಾರೆ. ‘ಚುಂಯ್’ ಎಂಬ ಆ ಸದ್ದಿಗೇ ಬೀದಿಯ ಅರ್ಧ ಮನೆಗಳು ಏಳುತ್ತವೆ.

“ಬರ್ರಿ ಸರ್, ಆ ಸ್ಟೂಲ್ ಮ್ಯಾಲೆ ಕೂಡ್ರಿ. ಗಾಡಿಗೆ ಮಾತ್ರ ಒರಗಬ್ಯಾಡ್ರಿ. ಅದರ ಒಂದು ಗಾಲಿ ‘ನಾನು ಗಟ್ಟಿ ಅದೀನಿ’ ಅಂತ ಸುಳ್ಳು ಹೇಳ್ತೈತೆ” ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನ್ನನ್ನು ನೋಡಿ ನಗುತ್ತಾರೆ. ನಗುವಾಗಲೂ ಕೈ ನಿಲ್ಲುವುದಿಲ್ಲ. ಕಣ್ಣು ಮಾತ್ರ ಆಗಾಗ ರಸ್ತೆಯ ತಿರುವಿನತ್ತ ಹೋಗಿ ಬರುತ್ತದೆ. ಮಗಳು ಜೆಮಿಮಾಳನ್ನು ನೋಡಿಹೋದ ಹರಿಹರದವರು ವಾರ ಕಳೆದರೂ ಒಪ್ಪಿದೆವೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಹುಡುಗನದು ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ; ಮಗಳ ಮನಸ್ಸಿಗೂ ಹಿಡಿಸಿದ್ದಾನೆ. ತಾಯಿ ಸತ್ಯ ಹೇಳಿದ್ದೇ ಈ ಸಂಬಂಧಕ್ಕೆ ಅಡ್ಡವಾಯಿತೇ ಎಂಬ ಪ್ರಶ್ನೆ ಮನೆಯೊಳಗೆ ಹೊಗೆಯಾಡುತ್ತಿದೆ.

ಮಾರ್ತಮ್ಮನವರಿಗೆ ಈಗ ಐವತ್ತರ ಆಸುಪಾಸು. ಹುಟ್ಟಿದ್ದು ಹರಿಹರದಲ್ಲಿ, ಹೊಳೆಯ ಸಮೀಪದ ಬೀದಿಯಲ್ಲಿ. ಓದಿದ್ದು ಏಳನೆಯ ತರಗತಿಯವರೆಗೆ. ಮದುವೆಯಾಗಿ ಬಂದಾಗ ಮಾವನವರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದರು. ಗಿರಣಿ ಬಾಗಿಲು ಹಾಕಿದ ವರ್ಷ ಅತ್ತೆ ಈ ಗಾಡಿಯನ್ನು ಹೂಡಿದರು. ಅವರ ತೋಳು ಸೋತ ಮೇಲೆ ಪೆಟ್ಟಿಗೆ ಸೊಸೆಯ ಕೈಗೆ ಬಂತು. ಗಂಡ ಪ್ರಭುದಾಸ ಲಗೇಜು ಆಟೊ ಓಡಿಸುತ್ತಾರೆ. ಜೆಮಿಮಾ ಪಿ.ಜೆ. ಬಡಾವಣೆಯ ಒಂದು ದಂತ ಚಿಕಿತ್ಸಾಲಯದಲ್ಲಿ ಸಹಾಯಕಿ.

ಈ ಕಸುಬು ನೋಡುವವರಿಗೆ ಸಲೀಸು. ದಿನಕ್ಕೆ ನೂರಕ್ಕೆ ಕಡಿಮೆಯಿಲ್ಲದ ಬಟ್ಟೆಗಳು. ತುಂಬಿದ ಪೆಟ್ಟಿಗೆಯ ತೂಕವೋ, ಹೊತ್ತವರ ಭುಜಕ್ಕೇ ಗೊತ್ತು. ಬೇಸಿಗೆಯಲ್ಲಿ ಮೇಲೆ ಸೂರ್ಯ, ಕೆಳಗೆ ಕೆಂಡ. ಮಳೆಗಾಲದಲ್ಲಿ ಇದ್ದಿಲು ಹೊತ್ತುವುದಕ್ಕಿಂತ ಹೆಚ್ಚಾಗಿ ಕೆಮ್ಮಿಸುತ್ತದೆ. ಮನೆಮನೆಗೂ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಬಂದಮೇಲೆ ಸೀರೆ, ಪಂಚೆಗಳು ಕಡಿಮೆಯಾಗಿವೆ. ಕರೂರು ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಹೋಗುವವರ ಸಮವಸ್ತ್ರಗಳು ಇವರ ಗಾಡಿಯನ್ನು ಇನ್ನೂ ಕೈಬಿಟ್ಟಿಲ್ಲ.

ಆದರೆ ಇವರನ್ನು ಕುರಿತು ಬರೆಯಲು ನಾನು ಹೊರಟಿದ್ದು ಇಸ್ತ್ರಿಯ ಗೆರೆಯ ನೇರಕ್ಕಾಗಿ ಅಲ್ಲ.

ನಮ್ಮ ಕಡೆ ಹೆಣ್ಣು ಕೊಡುವವರು, ತರುವವರು ಮಾತು ಪಕ್ಕಾ ಮಾಡುವ ಮೊದಲು ಆ ಬೀದಿಗೆ ಬಂದು ಮೆಲ್ಲಗೆ ವಿಚಾರಿಸುವ ಪದ್ಧತಿಯುಂಟು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಇಸ್ತ್ರಿ ಗಾಡಿ, ಇವೇ ಆ ವಿಚಾರಣೆಯ ಕಟ್ಟೆಗಳು. ಕೇಳಿದವರಿಗೆಲ್ಲ “ಬಂಗಾರದಂಥ ಮನೆತನ” ಎಂದು ಹೇಳಿ ಕಳಿಸುವುದು ಪುಣ್ಯದ ಕೆಲಸವೆಂದು ಬೀದಿ ನಂಬಿದೆ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂಬ ಗಾದೆಯೇ ಇದಕ್ಕೆ ಪರವಾನಗಿ. ಹಿರಿಯರು ಹೇಳಿದ್ದೆಲ್ಲ ಧರ್ಮವಾಗಿಬಿಡುವುದಿಲ್ಲ ಎಂಬುದಕ್ಕೆ ಈ ಗಾದೆಯೊಂದೇ ಸಾಕು ಎಂದು ಹಿರಿಯನಾದ ನಾನೇ ಹೇಳಬೇಕಾಗಿದೆ.

ಗಾಡಿಯ ಎದುರಿನ ಕಿರಾಣಿ ಅಂಗಡಿಯ ಖತೀಜಾಬೀ ಈ ಪುಣ್ಯವನ್ನು ಧಾರಾಳವಾಗಿ ಕಟ್ಟಿಕೊಂಡವರು. “ನಾನು ಎಲ್ಲಾರಿಗೂ ‘ಬಹುತ್ ಅಚ್ಛೇ ಲೋಗ್’ ಅಂತೀನ್ರೀ. ನನ್ನ ಗಂಟೇನು ಹೋಗ್ತೈತೆ? ಮದುವಿ ಆದ್ರೆ ಬಿರಿಯಾನಿ, ಮುರದ್ರೆ ಅವರ ನಸೀಬು” ಎಂದು ತಕ್ಕಡಿಯಲ್ಲಿ ಬೆಲ್ಲ ಹಾಕುತ್ತಾ ಹೇಳುತ್ತಾರೆ.

“ಬೆಲ್ಲ ತೂಗುವಾಗ ಹಂಗೆ ಜಾಸ್ತಿ ಹಾಕ್ತೀಯೇನಕ್ಕಾ?” ಎಂದು ಮಾರ್ತಮ್ಮ ಗಾಡಿಯಿಂದಲೇ ಕೂಗುತ್ತಾರೆ.

“ಬೆಲ್ಲಕ್ಕೆ ರೊಕ್ಕ ಕೊಟ್ಟೀನವ್ವ. ಮಾತಿಗೆ ಯಾರು ಕೊಟ್ಟಾರ?”

ಮಾರ್ತಮ್ಮನವರ ರೀತಿಯೇ ಬೇರೆ. ಯಾರಾದರೂ ಬಂದು ಒಂದು ಮನೆಯ ವಿಷಯ ಕೇಳಿದರೆ ಅವರು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. “ಇರ್ರಿ, ಅವರನ್ನೇ ಕರೀತೀನಿ” ಎಂದು ಪೆಟ್ಟಿಗೆಯನ್ನು ಇಟ್ಟಿಗೆಯ ಮೇಲಿಟ್ಟು ಆ ಮನೆಯ ಬಾಗಿಲು ಬಡಿಯುತ್ತಾರೆ. ವಿಷಯ ಯಾರದೋ ಅವರು ಬಂದು ಎದುರಿಗೆ ನಿಂತ ಮೇಲೆಯೇ ಮಾತು. ಮೊದಲು ಅವರೇ ಹೇಳಬೇಕು. ಅವರು ಬಿಟ್ಟದ್ದು ತಮಗೆ ಗೊತ್ತಿದ್ದರೆ ಅವರ ಮುಖ ನೋಡುತ್ತಲೇ ಇವರು ಸೇರಿಸುತ್ತಾರೆ.

“ಸುಳ್ಳುಸಾಕ್ಷಿ ಬ್ಯಾಡ ಅಂತ ನಮ್ಮ ಸತ್ಯವೇದದಾಗೆ, ಬೈಬಲ್ಲಿನಾಗೆ ಐತ್ರಿ. ಚಾಡಿ ಬ್ಯಾಡ ಅಂತಾನೂ ಅದರಾಗೇ ಐತೆ. ಒಂದನ್ನ ಹಿಡಿದು ಇನ್ನೊಂದನ್ನ ಬಿಟ್ರೆ ಬದುಕು ಭಾಳ ಸುಲಭ. ಎರಡೂ ಹಿಡೀಬೇಕಲ್ಲ, ಅದಕ್ಕೆ ಇದೊಂದೇ ದಾರಿ. ನಮ್ಮಪ್ಪ ಹಿಂಗೇ ಇದ್ದ. ತಪ್ಪಿದವನ ಹತ್ರ ಹೋಗಿ ಹೇಳು, ಊರಿಗೆ ಹೇಳಬ್ಯಾಡ ಅಂತ ಕರ್ತನೇ ಹೇಳ್ಯಾನಂತೆ.” ಬೆಳಗಿನ ಪ್ರಾರ್ಥನೆಯಲ್ಲಿ ಮಾರ್ತಮ್ಮ ಬೇಡುವುದರಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ ಎಂದು ಗಂಡ ಪ್ರಭುದಾಸ ನಗುತ್ತಾ ತಿಳಿಸುತ್ತಾರೆ: ನಾಲಿಗೆ ನಿಜ ಬಿಡದಿರಲಿ, ನಿಜ ಹೇಳುವ ಜಂಬವೂ ಬಾರದಿರಲಿ.

ಕಾಲ ಇಂಥವರ ಪಕ್ಷದಲ್ಲಿಲ್ಲ. ಪಕ್ಕದ ಮನೆಯ ಗುರುಶಾಂತಮ್ಮನವರ ಮಗಳು ಪೂಜಾ ಎಂ.ಬಿ.ಎ. ವಿದ್ಯಾರ್ಥಿನಿ, ಚುರುಕು ಹುಡುಗಿ. ದುಪಟ್ಟಾ ಕೊಡಲು ಬಂದವಳು ಒಮ್ಮೆ ವಾದಕ್ಕೆ ನಿಂತಳಂತೆ: “ಆಂಟಿ, ಸತ್ಯ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮ ಸತ್ಯ ನಿಮಗೆ, ನಮ್ಮ ಸತ್ಯ ನಮಗೆ.”

ಮಾರ್ತಮ್ಮ ಪೆಟ್ಟಿಗೆಯನ್ನು ಅವಳತ್ತ ಸರಿಸಿದರು. “ಹೌದಾ ತಾಯಿ? ಇದು ನನಗೆ ಬಿಸಿ ಐತೆ. ನಿನಗೆ ಹೆಂಗೈತೆ, ಮುಟ್ಟಿ ಹೇಳು.”

“ಇವರ ಜೊತೆ ವಾದ ಮಾಡಬಾರದು ಸರ್, ಇವರ ಕೈಯಾಗೆ ಇಸ್ತ್ರಿ ಪೆಟ್ಟಿಗೆ ಇರ್ತೈತೆ” ಎಂದು ಪೂಜಾ ನನ್ನೆದುರು ದೂರುತ್ತಾಳೆ. ಸೋತೆನೆಂದು ಅವಳು ಇಂದಿಗೂ ಒಪ್ಪಿಲ್ಲ.

ಇಂಥ ನಿಷ್ಠೆಗೆ ಬೆಲೆಯುಂಟು. ಅದನ್ನು ತೆತ್ತವರು ಮಾರ್ತಮ್ಮ ಒಬ್ಬರೇ ಅಲ್ಲ. ಪೂಜಾಳ ಅಣ್ಣ ಬಕ್ಕೇಶ್ ಕರೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವವನು. ಮೂರು ತಿಂಗಳ ಹಿಂದೆ ಅವನಿಗೊಂದು ಸಂಬಂಧ ಬಂದಾಗ ಗುರುಶಾಂತಮ್ಮ ಮಗನನ್ನು ಮಾತಿನಲ್ಲೇ ಮ್ಯಾನೇಜರ್ ಹುದ್ದೆಗೆ ಏರಿಸಿಬಿಟ್ಟಿದ್ದರು. ಹೆಣ್ಣಿನವರು ವಿಚಾರಿಸಲು ನೇರವಾಗಿ ಇಸ್ತ್ರಿ ಗಾಡಿಗೇ ಬಂದರು. ಒಗೆದರೂ ಎಣ್ಣೆ ಕಲೆ ಹೋಗದ ಅವನ ನೀಲಿ ಸಮವಸ್ತ್ರ ಆ ಗಳಿಗೆಯಲ್ಲಿ ಗಾಡಿಯ ಮೇಲೆಯೇ ಹರಡಿತ್ತು. ಮಾರ್ತಮ್ಮ ವಾಡಿಕೆಯಂತೆ ಬಕ್ಕೇಶನನ್ನು ಕರೆದರು. ಅವನು ಬಂದು, ತಲೆ ಕೆರೆದುಕೊಂಡು, “ನಾನು ಮಷೀನ್ ನಡಸ್ತೀನ್ರಿ” ಎಂದ. ಬಂದವರು ಹೋದರು, ಮತ್ತೆ ಬರಲಿಲ್ಲ. ಬೀದಿಯ ಪಡ್ಡೆಗಳು ಅವನನ್ನು ಈಗಲೂ ‘ಮ್ಯಾನೇಜರ್ ಸಾಹೇಬ್ರು’ ಎಂದು ಕರೆಯುತ್ತಾರೆ. ಅಂದಿನಿಂದ ಗುರುಶಾಂತಮ್ಮ ಬಟ್ಟೆ ಕಳಿಸುವುದನ್ನೂ ಬಿಟ್ಟರು, ಮಾತನ್ನೂ ಬಿಟ್ಟರು. ಬಕ್ಕೇಶ್ ಮಾತ್ರ ತಾಯಿಯ ಕಣ್ಣು ತಪ್ಪಿಸಿ ತನ್ನ ಸಮವಸ್ತ್ರವನ್ನು ತರುತ್ತಾನೆ.

“ಸುಳ್ಳು ಹೇಳಿ ಮದುವಿ ಆಗಿದ್ರೆ ಜೀವಮಾನಪೂರ್ತಿ ಮ್ಯಾನೇಜರ್ ಥರಾ ನಟಿಸ್ಬೇಕಿತ್ತು ಸರ್. ಅದಕ್ಕೆ ಓವರ್‌ಟೈಮ್ ಯಾರು ಕೊಡ್ತಾರೆ?” ಎಂದು ಅವನು ನಗುತ್ತಾನೆ.

ಮಾರ್ತಮ್ಮ ನಗುವುದಿಲ್ಲ. “ನನ್ನಿಂದ ಆ ಹುಡುಗನ ಮುಖ ಸಣ್ಣದಾತು. ಅದು ಮನಸ್ಸಿನಾಗೆ ಐತ್ರಿ. ಹಂಗಂತ ಬ್ಯಾರೆ ಏನು ಹೇಳಬಹುದಿತ್ತು ಅಂದ್ರೆ, ಇವತ್ತಿಗೂ ಹೊಳೆದಿಲ್ಲ.”

ಇಷ್ಟರಲ್ಲೇ ಅವರ ಮನೆಗೇ ಸಂಬಂಧ ಬಂತು. ಜೆಮಿಮಾಗೆ ಬಾಲ್ಯದ ಜ್ವರದಿಂದ ಎಡಗಿವಿ ಕೇಳಿಸುವುದಿಲ್ಲ. ಬಲಗಿವಿ ಚೆನ್ನಾಗಿಯೇ ಇರುವುದರಿಂದ ಹೊರಗಿನವರಿಗೆ ಗೊತ್ತಾಗುವುದೂ ಇಲ್ಲ. “ಕೇಳಿದ್ರೆ ಹೇಳೋಣ, ಕೇಳದಿದ್ರೆ ಸುಮ್ನಿರೋಣ. ಸುಮ್ನಿರೋದು ಸುಳ್ಳಾಗ್ತೈತೇನು?” ಎಂದು ಪ್ರಭುದಾಸ ಹೆಂಡತಿಯನ್ನು ಗೋಗರೆದರು. ಹರಿಹರದವರು ಬಂದು ಕುಳಿತು ಚಹಾದ ಲೋಟ ಕೈಗೆತ್ತಿಕೊಂಡಾಗಲೇ ಮಾರ್ತಮ್ಮನವರ ಬಾಯಿಂದ ಮಾತು ಬಿತ್ತು: “ಇವಳಿಗೆ ಎಡಗಡೆಯಿಂದ ಕರೆದ್ರೆ ಕೇಳಂಗಿಲ್ರಿ.” ಬಂದವರು ಪರಸ್ಪರ ಮುಖ ನೋಡಿಕೊಂಡರು, ತಿಳಿಸುತ್ತೇವೆಂದು ಎದ್ದರು.

ಜೆಮಿಮಾ ಎರಡು ದಿನ ತಾಯಿಯೊಡನೆ ಮಾತಾಡಲಿಲ್ಲ. ಅವಳ ಸಿಟ್ಟಿಗೆ ಕಾರಣ ಮಾತ್ರ ತಂದೆ ಊಹಿಸಿದ್ದಲ್ಲ. “ಹೇಳಿದ್ದಕ್ಕೆ ಬೇಜಾರಿಲ್ಲ ಸರ್. ನಾನೇ ಹೇಳೋಳಿದ್ದೆ. ಊರಿನೋರಿಗೆಲ್ಲಾ ‘ಅವರೇ ಹೇಳ್ಲಿ’ ಅಂತಾಳೆ. ಮಗಳ ಸರದಿ ಬಂದಾಗ ತಾನೇ ಮುಂದೆ ಬಿದ್ದು ಹೇಳಿದ್ಲು.” ಮಾರ್ತಮ್ಮ ತಲೆ ತಗ್ಗಿಸಿ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಾರೆ. “ಅದು ನನ್ನದೇ ತಪ್ಪು. ಭಯಕ್ಕೆ ಆತು. ಇವಳೆಲ್ಲಿ ಮುಚ್ಚಿಡ್ತಾಳೋ ಅಂತ ಹೆತ್ತಾಕಿಗೇ ಅನುಮಾನ ಬಂತು ನೋಡ್ರಿ.”

ಬಿಸಿಲೇರಿದೆ. ಮಾತು ಮುಗಿಯುವ ಮುನ್ನ ತಿರುವಿನಲ್ಲಿ ಆಟೊ ನಿಲ್ಲುತ್ತದೆ. ಇಳಿಯುವವರು ಹರಿಹರದ ಹುಡುಗನ ಸೋದರತ್ತೆ ದೀನಮ್ಮ, ಹಿಂದೆ ಹುಡುಗನ ತಂದೆ. ಅವರು ಗಾಡಿಯತ್ತ ಬರುವುದಿಲ್ಲ. ಕಂಡೂ ಕಾಣದಂತೆ ಖತೀಜಾಬೀಯವರ ಅಂಗಡಿಯ ಮುಂದೆ ನಿಲ್ಲುತ್ತಾರೆ. ವಿಚಾರಣೆಗೆ ಬಂದಿದ್ದಾರೆಂಬುದು ಬೀದಿಗೆಲ್ಲ ಅರ್ಥವಾಗುತ್ತದೆ.

“ಮಾಶಾಅಲ್ಲಾ, ಹುಡುಗಿ ಹೀರಾ ಐತ್ರೀ ಹೀರಾ!” ಎಂದು ಖತೀಜಾಬೀ ಕೈಯೆತ್ತಿ ಹೊಗಳುತ್ತಾರೆ. ಹೊಗಳಿಕೆ ಹೆಚ್ಚಿದಷ್ಟೂ ದೀನಮ್ಮನವರ ಹುಬ್ಬು ಗಂಟಿಕ್ಕುತ್ತದೆ. ಅಲ್ಲಿಂದ ಹೊರಟವರು ನೇರವಾಗಿ ಗುರುಶಾಂತಮ್ಮನವರ ಬಾಗಿಲಿಗೆ ಹೋಗುತ್ತಾರೆ. ಬೀದಿಯಲ್ಲಿ ಅಷ್ಟು ಮನೆಗಳಿರುವಾಗ ಮುನಿದು ಕುಳಿತ ಮನೆಯೇ ಅವರಿಗೆ ಸಿಕ್ಕಬೇಕೆ! ಆಟೊ ತೊಳೆಯುತ್ತಿದ್ದ ಪ್ರಭುದಾಸ “ಮುಗೀತು” ಎಂದು ಬಕೆಟ್ಟು ಕೆಳಗಿಡುತ್ತಾರೆ.

ಗುರುಶಾಂತಮ್ಮ ವಿಭೂತಿ ಹಚ್ಚಿದ ಹಣೆಯನ್ನು ಎತ್ತಿ ಬಂದವರನ್ನು ನೋಡುತ್ತಾರೆ. ಪ್ರಶ್ನೆಯನ್ನು ಪೂರ್ತಿ ಕೇಳುತ್ತಾರೆ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ: “ಏ ಮಾರ್ತವ್ವಾ! ಬಾ ಇಲ್ಲಿ. ಮಗಳನ್ನೂ ಕರಕೊಂಡು ಬಾ. ಊರಿಗೆಲ್ಲಾ ಒಂದು ಕಾನೂನು, ನಿನಗೊಂದು ಕಾನೂನೇನು?”

ಮೂರು ತಿಂಗಳಲ್ಲಿ ಅವರು ಮಾರ್ತಮ್ಮನವರನ್ನು ಕರೆದದ್ದು ಇದೇ ಮೊದಲು. ತಾಯಿ, ಮಗಳು ಬಂದು ನಿಲ್ಲುತ್ತಾರೆ.

“ಹುಡುಗಿಗೆ ಎಡಗಿವಿ ಕೇಳಂಗಿಲ್ಲ” ಎಂದು ಗುರುಶಾಂತಮ್ಮ ಆರಂಭಿಸುತ್ತಾರೆ.

“ಅದು ಗೊತ್ತೈತೆ ತಾಯಿ” ಎನ್ನುತ್ತಾರೆ ದೀನಮ್ಮ. “ನಾವು ಕೇಳೋಕಿಂತ ಮೊದಲೇ ಅವರೇ ಹೇಳಿದ್ರು. ಅದಕ್ಕೇ ನಮಗೆ ಅನುಮಾನ. ಯಾರಾದ್ರೂ ತಮ್ಮ ಮಗಳ ಐಬು ತಾವಾಗೇ ಹೇಳ್ತಾರೇನು? ಇಷ್ಟು ಹೇಳಿದೋರು ಇನ್ನೆಷ್ಟು ಮುಚ್ಚಿಟ್ಟಾರೋ ಅಂತ ಕೇಳಾಕ ಬಂದೀವಿ.”

ಸುಳ್ಳಿಗೆ ಒಗ್ಗಿದ ಲೋಕದಲ್ಲಿ ಸತ್ಯಕ್ಕೆ ದೊರೆಯುವ ಮರ್ಯಾದೆ ಇದು. ಗುರುಶಾಂತಮ್ಮ ಒಂದು ಕ್ಷಣ ಮಾರ್ತಮ್ಮನವರನ್ನೇ ದಿಟ್ಟಿಸುತ್ತಾರೆ. “ಮಗಳದ್ದೂ ಹೇಳಿಬಿಟ್ಟೆಯೇನು?” ಎಂದು ಕೇಳುವ ಅವರ ದನಿಯಲ್ಲಿ ಇದ್ದ ಬಿಗುವು ಸ್ವಲ್ಪ ಸಡಿಲುತ್ತದೆ. ಬಳಿಕ ಬಂದವರತ್ತ ತಿರುಗುತ್ತಾರೆ.

“ಕೇಳ್ರಿ. ಇವಳ ಮ್ಯಾಲೆ ನನಗೆ ಸಿಟ್ಟೈತೆ. ನನ್ನ ಮಗನ ಬಗ್ಗೆ ಇದ್ದದ್ದನ್ನ ಇದ್ದಂಗೇ ಬಯಲಿಗೆ ತಂದ್ಲು, ಬಂದ ಸಂಬಂಧ ಹೋತು. ಇವಳ ಮನ್ಯಾಗೆ ಮುಚ್ಚಿಟ್ಟದ್ದು ಒಂದು ಸಾಸಿವೆಕಾಳಷ್ಟು ಇದ್ದಿದ್ರೂ ನಾನು ಇವತ್ತು ಮೊರದಾಗೆ ಹಾಕಿ ಕೇರ್ತಿದ್ದೆ. ಇಲ್ಲ. ಹುಡುಗಿ ದುಡೀತಾಳೆ. ಬಾಯಿ ಸ್ವಲ್ಪ ಜೋರು, ಅದು ತಾಯಿ ಕಡೆಯಿಂದ ಬಂದದ್ದು. ಇಷ್ಟೇ ಐತೆ.”

ಖತೀಜಾಬೀಯವರ ವಜ್ರದಿಂದ ಆಗದ ಕೆಲಸ ಈ ಸಿಟ್ಟಿನಿಂದ ಆಗುತ್ತದೆ. ದೀನಮ್ಮ ಮೊದಲ ಬಾರಿಗೆ ಜೆಮಿಮಾಳನ್ನು ನೇರವಾಗಿ ಕೇಳುತ್ತಾರೆ: “ನೀನೇನು ಹೇಳ್ತೀಯವ್ವ?” ಮಾರ್ತಮ್ಮನವರ ತುಟಿ ಅಲುಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ.

“ಚರ್ಚಿನಾಗೆ ಮದುವಿ ಟೈಮಲ್ಲಿ ಹೆಣ್ಣು ಗಂಡಿನ ಎಡಗಡೆ ನಿಲ್ಲೋದಲ್ಲೇನ್ರಿ ಅತ್ತಿ?” ಎನ್ನುತ್ತಾಳೆ ಜೆಮಿಮಾ. “ಹಂಗಾದ್ರೆ ನಿಮ್ಮ ಹುಡುಗ ನನ್ನ ಬಲಗಡೆ ಇರ್ತಾರೆ. ಅವರು ಏನು ಒಪ್ಕೊಂಡ್ರು ಅಂತ ನನಗೆ ಒಂದಕ್ಷರ ಬಿಡದಂಗೆ ಕೇಳ್ತೈತೆ.”

ಹುಡುಗನ ತಂದೆ ಗಹಗಹಿಸಿ ನಗುತ್ತಾರೆ. ದೀನಮ್ಮ ಸೆರಗು ಸರಿಪಡಿಸಿಕೊಂಡು, ಆದಷ್ಟು ಗಾಂಭೀರ್ಯದಿಂದ, “ಭಾನುವಾರ ಆರಾಧನೆ ಮುಗಿಸಿಕೊಂಡು ಹರಿಹರಕ್ಕೆ ಊಟಕ್ಕೆ ಬರ್ರಿ. ದಿನ ಗೊತ್ತು ಮಾಡೋಣ” ಎನ್ನುತ್ತಾರೆ. “ನಾನು ಹೇಳ್ಲಿಲ್ವಾ, ಹೀರಾ ಅಂತ!” ಎಂದು ಖತೀಜಾಬೀ ಅಂಗಡಿಯಿಂದಲೇ ಗೆಲುವನ್ನು ತಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ.

ಬಂದವರ ಆಟೊ ಹೊರಟು ಹೋಗುತ್ತದೆ. ಮಾರ್ತಮ್ಮ ಕಣ್ಣೊರೆಸಿಕೊಂಡು, ಇನ್ನೂ ಬಾಗಿಲಲ್ಲೇ ನಿಂತಿರುವ ಗುರುಶಾಂತಮ್ಮನವರ ಬಳಿ ಹೋಗುತ್ತಾರೆ.

“ಅಕ್ಕಾರೆ, ನಾಳೆಯಿಂದ ಬಟ್ಟಿ ಕಳಸ್ತೀರೇನ್ರಿ?”

“ಇಲ್ಲ” ಎನ್ನುತ್ತಾರೆ ಗುರುಶಾಂತಮ್ಮ. “ಸಿಟ್ಟು ಇನ್ನೂ ಹೋಗಿಲ್ಲ. ಹೋಗೈತೆ ಅಂತ ಸುಳ್ಳು ಹೇಳ್ಲೇನು?”

“ಬ್ಯಾಡ್ರೀ ಅಕ್ಕಾರೆ” ಎಂದು ಮಾರ್ತಮ್ಮ ನಗುತ್ತಾರೆ. “ಹೋದ ದಿನ ಹೇಳ್ರಿ. ಅಲ್ಲಿತನಕ ಕಾಯ್ತೀನಿ.”