ನೀರಗಂಟಿಯ ಮರಿಮಗ

ರಾಜಗೋಪಾಲನಗರದ ನಮ್ಮ ಎದುರುಮನೆಯವರು ಮಾತೆತ್ತಿದರೆ "ನಮ್ದು ದೊಡ್ಡ ಮನೆತನ ಕಣ್ರೀ" ಎಂದು ಮೀಸೆ ತೀಡುತ್ತಿದ್ದರು. ಅದನ್ನು ತೋರಿಸಲೆಂದು ಅವರೇ ಊರಿನ ಹಳೆಯ ಕಂದಾಯ ದಾಖಲೆಯ ನಕಲು ತರಿಸಿದರೆ, ಅದರಲ್ಲಿ ಅವರ ಮುತ್ತಜ್ಜನ ಕಸುಬು 'ನೀರಗಂಟಿ' ಎಂದಿತ್ತು. ಕೆರೆಯ ತೂಬು ಎತ್ತಿ ಎಲ್ಲರ ಗದ್ದೆಗೂ ಸರದಿಯಂತೆ ನೀರು ಬಿಡುವವನು. ಇವರು ಅದನ್ನು 'ನೀರಾವರಿ ಇಂಜಿನಿಯರ್' ಎಂದು ಬರೆಸಿ, ಕಟ್ಟು ಹಾಕಿಸಿ ಗೋಡೆಗೇರಿಸಿದರು. ನಾನು ಶಾಲೆ ಬಿಟ್ಟು ಕಾರ್ಖಾನೆಯಲ್ಲಿ ಲೇತ್ ಯಂತ್ರ ಹಿಡಿದವನು. ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಬೇಸಿಗೆಯಲ್ಲಿ ಬೀದಿಗೆಲ್ಲ ಬಂದ ಒಂದೇ ಟ್ಯಾಂಕರಿನ ಪೈಪನ್ನು ಇವರು ತಮ್ಮ ಮನೆಯ ನೀರಿನ ಸಂಪ್‌ಗೆ ಎಳೆದುಕೊಂಡರು.

"ಸಾರ್, ಮನೇಲಿ ಬಾಣಂತಿ ಇದಾಳೆ, ಎರಡು ಬಿಂದಿಗೆ ಬಿಡಿ," ಎಂದರು ಪಕ್ಕದ ಮನೆಯಾಕೆ.

"ನಮ್ದು ದೊಡ್ಡ ಮನೆತನ ಕಣ್ರೀ, ಸಾಕಾಗಲ್ಲ."

ನಾನು ಪೈಪು ಕಿತ್ತು ಆಕೆಯ ಬಿಂದಿಗೆಗೆ ಹಿಡಿದೆ. "ಇಂಜಿನಿಯರ್ ಅಂತಾನೇ ಇಟ್ಕೊಳ್ಳಿ ಸಾರ್. ನೀರಗಂಟಿ ಕೆಲಸ ನಿಮ್ಮ ಕೈಲಾಗಲ್ಲ."