ಲೆನ್ಸಿನ ಮುಂದೆ ಎಕ್ಸ್‌ರೇ ಕವರು

ಆಸ್ಟ್ರೇಲಿಯಾದ ಇಪ್ಸ್‌ವಿಚ್‌ನಲ್ಲಿ ಮೂಳೆ ಡಾಕ್ಟರಾಗಿದ್ದ ಲಿಂಗರಾಜ್ ನಮ್ಮ ಕನ್ನಡದವರ ಪಾಲಿನ ಸೆನ್ಸಾರ್ ಬೋರ್ಡು. ತಿಂಗಳಿಗೊಂದು ಭಾನುವಾರ ಅವರ ಗರಾಜಿನಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ಸಿನಿಮಾ ಹಾಕುತ್ತಿದ್ದೆವು. ಪ್ರೊಜೆಕ್ಟರ್ ಪಕ್ಕದಲ್ಲಿ ಅವರು, ಕೈಯಲ್ಲಿ ಎಕ್ಸ್‌ರೇ ಇಡುವ ದಪ್ಪ ಕವರು. ಪರದೆಯ ಮೇಲೆ ಹುಡುಗ ಹುಡುಗಿ ಹತ್ತಿರ ಬಂದರೆ ಸಾಕು, ಕವರು ಲೆನ್ಸಿಗೆ ಅಡ್ಡ. ನಾವು ಕತ್ತಲೆಯಲ್ಲಿ ಸದ್ದು ಕೇಳುತ್ತಾ ಚಕ್ಕುಲಿ ಕಡಿಯುತ್ತಿದ್ದೆವು.

ಇದೇ ಮನುಷ್ಯ ಮೈಸೂರಿನಲ್ಲಿ ಓದುವಾಗ ಸಮಾಜವಾದಿಗಳ ಜೊತೆ ಸೇರಿ, ಮನೆಯವರನ್ನು ಎದುರು ಹಾಕಿಕೊಂಡು ಬೇರೆ ಜಾತಿಯ ಸುಲೋಚನಾಳನ್ನು ರಿಜಿಸ್ಟರ್ ಮದುವೆಯಾದವರು! ಮಗಳು ಪದ್ಮಾ ಒಬ್ಬ ಆಸ್ಟ್ರೇಲಿಯನ್ ಹುಡುಗನ ಮಾತೆತ್ತಿದರೆ ಮಾತ್ರ ಊಟ ಬಿಟ್ಟು ಎದ್ದು ಹೋಗುತ್ತಿದ್ದರಂತೆ.

೧೯೮೪ರಲ್ಲಿ ಪದ್ಮಾ ಬ್ರಿಸ್ಬೇನ್‌ನ ತನ್ನ ಕಾಲೇಜಿನ ಫಿಲ್ಮ್ ಕ್ಲಬ್ಬಿನಿಂದ ಒಂದು ರೀಲು ತಂದಳು. ಸಮಾಜವಾದಿ ದೇಶದ ಸಿನಿಮಾ ಎಂದದ್ದೇ ಲಿಂಗರಾಜ್ ಹಿಗ್ಗಿಹೋದರು.

“ಸೋಷಲಿಸ್ಟ್ ಸಿನಿಮಾ ಕಣ್ರೀ ನಾಗವೇಣಿ, ಕೊಳಕು ಇರಲ್ಲ. ಮಕ್ಕಳನ್ನೂ ಕರ್ಕೊಂಬನ್ನಿ,” ಎಂದು ನನಗೆ ಫೋನ್ ಮಾಡಿದರು. ಅಲ್ಲಿನ ಸರ್ಕಾರವೇ ಅದನ್ನು ನಿಷೇಧಿಸಿದೆ ಎಂದು ಪದ್ಮಾ ಹೇಳಿರಲಿಲ್ಲ.

ಸಿನಿಮಾದಲ್ಲಿ ಕಾರ್ಖಾನೆ ಊರಿನ ಹುಡುಗಿ, ಕೆಲಸ ಬಿಟ್ಟು ಅಲೆಯುವ ಹುಡುಗ. ಚಕ್ಕುಲಿ ತಟ್ಟೆ ನನ್ನ ತನಕ ಬರುವ ಮೊದಲೇ ಮುತ್ತು! ನನ್ನ ಪಕ್ಕ ಕೂತಿದ್ದ ಗೆಳತಿ ಕಮಲಾ ಗಾಬರಿಯಿಂದ ತನ್ನ ಮಕ್ಕಳ ಕಣ್ಣು ಮುಚ್ಚಿದಳು. ಕವರಿಗೆ ಪುರುಸೊತ್ತೇ ಇರಲಿಲ್ಲ. ಕೊನೆಗೆ ಮುಂಜಾನೆಯ ಮಬ್ಬಿನಲ್ಲಿ ಹುಡುಗಿ ಒಂದು ಹಾಸಿಗೆಯ ಕಡೆ ಬಾಗಿದಳು. ಮತ್ತೆ ಕವರು ಅಡ್ಡ.

“ಅಪ್ಪಾ, ಅದನ್ನ ತೆಗೀರಿ!”

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಪದ್ಮಾ, ಅಷ್ಟು ಜನರ ಮುಂದೆ ಕನ್ನಡದಲ್ಲಿ ಕಿರುಚಿದ್ದಳು. ಯಾರೋ ಲೈಟ್ ಹಾಕಿದರು.

“ಅದು ಅವಳ ಅಪ್ಪನ ಹಾಸಿಗೆ. ಮಲಗಿರೋ ಅಪ್ಪಂಗೆ ಕಂಬಳಿ ಹೊದಿಸಿ ಮನೆ ಬಿಟ್ಟು ಹೋಗ್ತಾಳೆ. ಅದೊಂದನ್ನ ನೀವು ನೋಡ್ಲಿ ಅಂತಾನೇ ತಂದಿದ್ದು. ನಾನು ಗ್ರೆಗ್ ಜೊತೆ ಪರ್ತ್‌ಗೆ ಹೋಗ್ತಿದೀನಿ. ಇವತ್ತೇ.”

ಸುಲೋಚನಾ ಕೈಯಿಂದ ಕಾಫಿ ಲೋಟ ಜಾರಿತು.

ಲಿಂಗರಾಜ್ ಹಾರಾಡುತ್ತಾರೆಂದುಕೊಂಡೆ. ಅವರು ಕವರನ್ನು ನೆಲಕ್ಕೆ ಹಾಕಿ, “ತಡಿ ಮರಿ, ನೋಡ್ತೀನಿ,” ಎನ್ನುತ್ತಾ ರೀಲನ್ನು ಹಿಂದಕ್ಕೆ ಸುತ್ತತೊಡಗಿದರು. ಹಾಳಾದ್ದು, ಸಿಕ್ಕಿಕೊಂಡಿತು. ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ನಮಗೆಲ್ಲ ಕೇಳಿಸಿತು. ಸುಲೋಚನಾ ಬಾಗಿಲಿಗೆ ಓಡಿದಳು. ಅವರು ಮಾತ್ರ ರೀಲಿನಿಂದ ತಲೆ ಎತ್ತಲಿಲ್ಲ.

ಚಿತ್ರ ಮೂಡಿತು. ಹುಡುಗಿ ಅಪ್ಪನ ಕಾಲು ಮುಚ್ಚುವಂತೆ ಕಂಬಳಿ ಎಳೆದಳು.

“ನೋಡ್ದೆ ಕಣೇ ಪದ್ಮಾ,” ಎಂದು ಲಿಂಗರಾಜ್ ಹಿಂದಕ್ಕೆ ತಿರುಗಿದರು. ಅವಳ ಕುರ್ಚಿಯಲ್ಲಿ ಯಾರೂ ಇರಲಿಲ್ಲ.