ಹೊನವಾಡದ ಐದು ಮೀಟರ್ ಚೌಕ

ಅಂಕಿಸಂಖ್ಯೆ ಅಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ವಿಜಯಪುರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಹೋದ ವರ್ಷ ಮಾಘದಲ್ಲಿ ಸರ್ಕಾರದ ಅಂಕಿಸಂಖ್ಯೆ ಕಚೇರಿಯವರು ಕರೆದು, "ಪರದೇಶದಿಂದ ಆರು ಮಂದಿ ಕಲಿಯಾಕ ಬರಾಕತ್ತಾರ, ನಮ್ಮ ಮೇಡಂ ಹೇಳಿದ್ದನ್ನ ಅವರಿಗೆ ಇಂಗ್ಲಿಷಿನಾಗ ಹೇಳ್ರಿ" ಅಂದರು. ಒಪ್ಪಿದ್ದು ಬರೀ ಕುತೂಹಲಕ್ಕೆ. ಬಂದವರು ಮಲಾವಿ, ನೇಪಾಳ, ಇಥಿಯೋಪಿಯಾದಂಥ ದೇಶಗಳ ಸರ್ಕಾರಿ ಅಧಿಕಾರಿಗಳು. ಒಂದು ದೇಶದಲ್ಲಿ ಎಷ್ಟು ಜೋಳ ಬೆಳೆಯಿತು ಅನ್ನುವುದು ಯಾರಿಗೆ, ಹೇಗೆ ಗೊತ್ತಾಗುತ್ತದೆ? ಐವತ್ತು ವರ್ಷ ರೊಟ್ಟಿ ತಿಂದವನಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಮೇಡಂ ಅಂದರೆ ಸಬೀರಾ. ಟಿಕೋಟಾದ ದರ್ಜಿ ಮುರ್ತುಜಾಸಾಬರ ಮಗಳು. ಬಿ.ಎಸ್ಸಿ. ಮುಗಿಸಿ ಕಚೇರಿ ಸೇರಿ ಇಪ್ಪತ್ತೆಂಟು ವರ್ಷ. ಈ ಜಿಲ್ಲೆಯಲ್ಲಿ ಹೊಲ ಅಳೆದು ಅಂಕಿ ಬರೆಯುವ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಆಕೆಯ ಕೈಯಲ್ಲಿ ಕಲಿತವರು. ಕುಳ್ಳಗಿನ ಹೆಂಗಸು, ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ.

ಮೊದಲ ದಿನದ ಪಾಠ ಕೇಳಿ ನಾನೇ ಬೆರಗಾದೆ. "ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದು ಅಗಳ ಸಾಕು," ಅಂದರು ಆಕೆ. "ಆದ್ರ ಯಾವ ಅಗಳ ಅಂತ ನೀವು ಆರಿಸಬಾರದು. ಆರಿಸಿದ್ರ ಬೆಂದಿದ್ದನ್ನೇ ಆರಿಸ್ತೀರಿ." ಅದಕ್ಕಾಗಿ ಮೇಲಿನಿಂದ ಒಂದು ಸಂಖ್ಯೆಗಳ ಪಟ್ಟಿ ಬರುತ್ತದೆ. ಯಾವ ಹೊಲ, ಮೂಲೆಯಿಂದ ಎಷ್ಟು ಹೆಜ್ಜೆ, ಎಲ್ಲ ಆ ಪಟ್ಟಿ ಹೇಳಿದಂತೆ. ಅಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟಿ, ಒಳಗಿನ ಬೆಳೆ ಕೊಯ್ದು ತೂಗುವುದು. ಒಂದು ಊರಿಗೆ ಇಂಥ ನಾಲ್ಕು ಚೌಕ. ಆ ನಾಲ್ಕು ತೂಕವೇ ಇಡೀ ಊರಿನ ಬೆಳೆ. ಬೆಳೆ ಹಾಳಾದ ವರ್ಷ ಊರವರಿಗೆ ವಿಮೆ ಬರುವುದೂ ಬಿಡುವುದೂ ಅದರ ಮೇಲೆಯೇ. ನಾಲ್ಕು ಕೋಣೆ ಕಟ್ಟುವಷ್ಟು ಜಾಗದ ಮೇಲೆ ಇಷ್ಟೆಲ್ಲ ನಿಂತಿದೆ ಎಂದು ತಿಳಿದು ನನಗೆ ಸ್ವಲ್ಪ ಹೆದರಿಕೆಯೂ ಆಯಿತು.

ದಿಲ್ಲಿಯಿಂದ ಜೊತೆಗೆ ಬಂದಿದ್ದ ಮೇಲಧಿಕಾರಿ ಕುನಾಲ ಸಾಹೇಬರು ಚಹಾ ಕುಡಿಯುವಾಗ ಇನ್ನೊಂದು ವಿಷಯ ಹೇಳಿದರು. ಮಲಾವಿಗೆ ಮೂರು ತಿಂಗಳು ಹೋಗಿ ಅಲ್ಲಿನ ಸಿಬ್ಬಂದಿಗೆ ಇದನ್ನೇ ಕಲಿಸಲು ಒಬ್ಬರನ್ನು ಕಳಿಸಬೇಕಾಗಿತ್ತು, ಪಟ್ಟಿಯಲ್ಲಿ ಮೊದಲ ಹೆಸರು ಸಬೀರಾ ಅವರದೇ. ಸೊಲ್ಲಾಪುರದ ಆಚೆ ಕಾಲಿಡದ ಹೆಂಗಸು ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದರು. ಮಲಾವಿಯಲ್ಲಿ ಯಾವ ಮಣ್ಣು, ಯಾವ ತಿಂಗಳು ರಾಶಿ, ರೊಟ್ಟಿ ತಿನ್ನುತ್ತಾರೋ ಇಲ್ಲವೋ ಎಂದು ಅಲ್ಲಿಂದ ಬಂದಿದ್ದ ಚಿಸೋಮೊ ಎಂಬಾಕೆಯನ್ನು ನನ್ನ ಬಾಯಿಂದ ಕೇಳಿಸಿದ್ದೇ ಕೇಳಿಸಿದ್ದು.

ಎರಡನೆಯ ದಿನ ಹೊನವಾಡಕ್ಕೆ ಹೋದೆವು. ದ್ರಾಕ್ಷಿ ತೋಟಗಳನ್ನು ದಾಟಿದರೆ ಸೀತವ್ವನ ಮೂರೆಕರೆ ಬಿಳಿಜೋಳ. ಆ ವರ್ಷ ಹಿಂಗಾರಿ ಮಳೆ ಕೈಕೊಟ್ಟು ಬೆಳೆಯೆಲ್ಲ ಸೊರಗಿತ್ತು. ಆದರೆ ಹಗ್ಗ ಕಟ್ಟಿದ ಚೌಕದೊಳಗೆ ಮಾತ್ರ ತೆನೆಗಳು ಮುಷ್ಟಿ ಗಾತ್ರ! ಪರದೇಶದವರು ಫೋನ್ ತೆಗೆದು ಫೋಟೋ ಹೊಡೆಯತೊಡಗಿದರು. ನಾನೂ ಹೆಡ್ಡನ ಹಾಗೆ ಖುಷಿಪಟ್ಟೆ.

ಸಬೀರಾ ಮಾತ್ರ ತೆನೆ ನೋಡಲಿಲ್ಲ, ನೆಲ ನೋಡಿದರು. ಹೊರಗಿನ ಎರೆಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಹಗ್ಗದ ಒಳಗೆ ಒಂದು ಬಿರುಕೂ ಇರಲಿಲ್ಲ. ಆಕೆ ಕೂತು ಮಣ್ಣು ಮುಟ್ಟಿದರು.

"ಅಕ್ಕಾರ, ನೀರು ಹಾಕೀರೇನು?"

ಸೀತವ್ವ ಹೊಸ ಇಳಕಲ್ ಸೀರೆ ಉಟ್ಟು ನಿಂತಿದ್ದಳು. "ಹಾಕೇನಲ್ರಿ ಬಾಯಾರ! ನೀವು ಹಗ್ಗ ಕಟ್ಟಿ ಹೋದ ದಿನದಿಂದ ಇಪ್ಪತ್ತು ದಿನ, ದಿನಕ್ಕ ಹನ್ನೆರಡು ಕೊಡ. ಆ ದ್ರಾಕ್ಷಿ ತೋಟದ ಹೊಂಡದಿಂದ ತಲಿ ಮ್ಯಾಲೆ ಹೊತ್ತೇನಿ. ಪರದೇಶದ ಮಂದಿ ನನ್ನ ಹೊಲಕ್ಕ ಬರ್ತಾರ ಅಂದ್ರಿ. ಬಂದವರಿಗೆ ಒಣಗಿದ್ದು ತೋರಿಸಿದ್ರ ನನ್ನ ಮಾನ ಏನಾತು, ಊರ ಮಾನ ಏನಾತು?"

ಆ ಮಾತಿನಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ. ಮನೆಗೆ ಬೀಗರು ಬಂದರೆ ಹೋಳಿಗೆ ಮಾಡುವ ಹಾಗೆ ಮಾಡಿದ್ದಳು. ಸಬೀರಾ ಅವರ ಮುಖ ಕಪ್ಪಿಟ್ಟಿತು. ಯಾಕೆಂದರೆ ಚೌಕಕ್ಕೆ ಹಗ್ಗ ಕಟ್ಟಬೇಕಾದದ್ದು ಕೊಯ್ಯುವ ದಿನ ಬೆಳಿಗ್ಗೆ, ಮೊದಲಲ್ಲ. ಹಿಂದಿನ ದಿನ ತಾವೇ ಬೋರ್ಡಿನ ಮೇಲೆ ಬರೆದ ನಿಯಮ ಅದು. ಮಂದಿಯ ಎದುರು ಎಲ್ಲ ಸುಸೂತ್ರ ನಡೆಯಲಿ, ಹೆಜ್ಜೆ ಎಣಿಸುವಾಗ ತಡವರಿಸಬಾರದು ಎಂದು ಇಪ್ಪತ್ತು ದಿನ ಮೊದಲೇ ಬಂದು ಕಟ್ಟಿಹೋಗಿದ್ದರು.

ಕುನಾಲ ಸಾಹೇಬರು ಹತ್ತಿರ ಬಂದು ಹಿಂದಿಯಲ್ಲಿ ಪಿಸುಗುಟ್ಟಿದರು. ಸುಮ್ಮನೆ ಕೊಯ್ದುಬಿಡಿ, ಇವರಿಗೇನು ತಿಳಿಯುತ್ತದೆ, ನಾಲ್ಕರಲ್ಲಿ ಒಂದು ತಾನೇ.

ಸಬೀರಾ ಕುಡುಗೋಲು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಸರ, ಇವರಿಗೆ ಹೇಳ್ರಿ. ಈ ಚೌಕ ಕೆಟ್ಟೈತಿ. ಕೆಡಿಸಿದಾಕಿ ನಾನು."

ನಾನು ಒಳ್ಳೆಯವನಾಗಲು ಹೋದೆ. ಏನೋ ಸಣ್ಣ ತೊಂದರೆಯಾಗಿದೆ, ಬೇರೆ ಹೊಲಕ್ಕೆ ಹೋಗೋಣ ಎಂದು ಇಂಗ್ಲಿಷಿನಲ್ಲಿ ತೇಲಿಸಿಬಿಟ್ಟೆ. ಆಕೆಗೆ ಆಡಲು ಬಾರದಿದ್ದರೂ ಇಂಗ್ಲಿಷ್ ತಿಳಿಯುತ್ತದೆಂದು ನನಗೇನು ಗೊತ್ತು!

"ಪೂರಾ ಹೇಳ್ರಿ ಸರ. ತುಪ್ಪ ಸವರಬ್ಯಾಡ್ರಿ."

ಪೂರಾ ಹೇಳಿದೆ. ಚಿಸೋಮೊ ಬಂದು ಕೂತು, ಒಂದು ಕೈ ಹೊರಗಿನ ಬಿರುಕಿನಲ್ಲಿ, ಇನ್ನೊಂದು ಒಳಗಿನ ಮೆತ್ತನೆ ಮಣ್ಣಿನಲ್ಲಿ ಇಟ್ಟಳು. ಆಮೇಲೆ ಉಳಿದ ಐದೂ ಮಂದಿ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಎರಡು ದಿನದಲ್ಲಿ ಅವರು ಇಷ್ಟು ಗಮನವಿಟ್ಟು ಕಲಿತದ್ದು ನಾನು ನೋಡಿರಲಿಲ್ಲ.

ಪಟ್ಟಿಯ ಮುಂದಿನ ಸಂಖ್ಯೆ ಪರಮೇಶ್ವರ ಎಂಬವರ ಹೊಲಕ್ಕೆ ಬಿತ್ತು. ಹೆಜ್ಜೆ ಎಣಿಸಿ, ಆಗಲೇ ಹಗ್ಗ ಕಟ್ಟಿ, ಕೊಯ್ದು, ಬಡಿದು, ತೂಗಿದರೆ ಎರಡು ಕಿಲೋ ಚಿಲ್ಲರೆ. ಸೀತವ್ವನ ಚೌಕ ಕೊಯ್ದಿದ್ದರೆ ಆರರ ಹತ್ತಿರ ಬರುತ್ತಿತ್ತು ಅಂದರು ಸಬೀರಾ. ಆ ಒಂದು ಅಂಕಿಯಿಂದ ಹೊನವಾಡದಲ್ಲಿ ಆ ವರ್ಷ ಬೆಳೆ ಒಣಗಿದ್ದೇ ಸುಳ್ಳಾಗುತ್ತಿತ್ತು.

ಆದರೆ ಸೀತವ್ವನಿಗೆ ಯಾರು ಹೇಳುವುದು? ನಾವು ಮರಳಿ ಬಂದಾಗ ತನ್ನ ಹೊಲದ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು.

"ನನ್ನ ದುಡಿತ ನಿಮ್ಮ ಲೆಕ್ಕಕ್ಕ ಇಲ್ಲೇನು?" ಅಂದಳು, ಸಿಟ್ಟಿನಲ್ಲಿ ಅಳುತ್ತ.

ಸಬೀರಾ ಪಕ್ಕದಲ್ಲಿ ಕೂತು, ನಮೂನೆಯ ಕೆಳಗಿನ ಷರಾದ ಜಾಗದಲ್ಲಿ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದರು. ಸಬೀರಾ ಎಂಬ ನಾನು ನಿಯಮ ಮೀರಿ ಮೊದಲೇ ಗುರುತು ಹಾಕಿದ್ದರಿಂದ, ಅತಿಥಿಗಳು ಬರುವರೆಂದು ಸೀತವ್ವನವರು ಇಪ್ಪತ್ತು ದಿನ ನೀರು ಹೊತ್ತಿದ್ದರಿಂದ, ಈ ಚೌಕ ಕೈಬಿಡಲಾಗಿದೆ.

"ನನ್ನ ಹೆಸರು ಬರದೀರೇನು?"

"ಬರದೇನಿ ಅಕ್ಕಾರ. ತಪ್ಪು ನಂದು ಅಂತನೂ ಬರದೇನಿ."

ಸೀತವ್ವ ಮೂಗು ಒರೆಸಿಕೊಂಡು ಎದ್ದಳು. "ಹಂಗಾರ ಏಳ್ರಿ. ಬಂದ ಮಂದಿ ಹಸದಾರ, ರೊಟ್ಟಿ ಆರಾಕತ್ತಾವು."

ಕುನಾಲ ಸಾಹೇಬರು ಆ ಷರಾ ನನ್ನಿಂದ ಓದಿಸಿಕೊಂಡು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಯುಗಾದಿ ಕಳೆದ ಮೇಲೆ ದಿಲ್ಲಿಯಿಂದ ಪತ್ರ ಬಂತು. ಮಲಾವಿಗೆ ಬೇರೆ ಯಾರೋ ಒಬ್ಬರು ಹೋದರು. ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಸೀದಾ ಬಬಲೇಶ್ವರಕ್ಕೆ ಹೋದೆ. ಸಬೀರಾ ಅಲ್ಲಿ ಹೊಸದಾಗಿ ನೌಕರಿಗೆ ಸೇರಿದವರಿಗೆ ಪಾಠ ಮಾಡಿ ಹೊರಗೆ ಬರುತ್ತಿದ್ದರು. ಕೈಗೆಲ್ಲ ಸುಣ್ಣದ ಬಳಪದ ಪುಡಿ.

"ಅವತ್ತು ನಾ ಹೇಳಿದಂಗ ಬಿಟ್ಟಿದ್ರ ನೀವು ಇಷ್ಟೊತ್ತಿಗೆ ಅಲ್ಲಿ ಇರ್ತಿದ್ರಿ," ಅಂದೆ.

ಸಬೀರಾ ಕೈ ಝಾಡಿಸಿಕೊಂಡು ಒಂದು ಕ್ಷಣ ನನ್ನ ಮುಖ ನೋಡಿದರು. ಹೋಗಬೇಕೆಂಬ ಆಸೆ ಇನ್ನೂ ಆಕೆಯ ಕಣ್ಣಲ್ಲಿತ್ತು.

"ಹೋಗಿ ಏನು ಕಲಿಸ್ತಿದ್ದೆ ಸರ?"